ಹಿತ್ತಿಲ ಡೆಕ್ಕಿಗೆ ಮಾವ ಬರೆದ ಪ್ಲಾನು

ಫೆಬ್ರವರಿ 3, ಮಂಗಳವಾರ. ಬೆಳಗ್ಗೆ 6.40

ಬಟ್ಟೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಿತ್ತಿಲ ಬಾಗಿಲು ದಾಟಿದೆ. ನಾಲ್ಕನೇ ಹೆಜ್ಜೆಗೆ ಎಡಗಾಲು ಡೆಕ್ಕಿನ ಹಲಗೆಯೊಳಗೆ ಇಳಿದುಹೋಯಿತು. ಮೊಣಕಾಲಿನ ತನಕ. ಒಗೆದ ಟವೆಲ್ಲು, ಇವರ ಬನೀನು, ಅತ್ತೆಯ ಶಾಲು — ಎಲ್ಲ ಮಣ್ಣುಪಾಲು. ಗಾಯವೇನಿಲ್ಲ, ತರಚಿದೆ ಅಷ್ಟೆ. ಕಿರುಚಿದ್ದು ಮಾತ್ರ ಬೀದಿ ಕೊನೆಯ ತನಕ ಕೇಳಿಸಿರಬೇಕು.

ಇವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿಬಂದರು. ಅತ್ತೆ ಅಡುಗೆಮನೆ ಕಿಟಕಿಯಿಂದಲೇ, “ಕಾಲು ಇದೆಯೋ ಹೋಯ್ತೋ?” ಎಂದರು.

“ಇದೆ ಅತ್ತೆ.”

“ಹಾಗಾದ್ರೆ ಬಟ್ಟೆ ಎತ್ಕೊ. ಕಲೆ ಹಿಡಿಯುತ್ತೆ.”

ಮಾವ ಬಂದು ನಿಂತರು. ಇಪ್ಪತ್ತೆರಡು ವರ್ಷದ ಹಿಂದೆ ಅವರ ಕೈಯಾರೆ ಕಟ್ಟಿದ ಮರದ ಜಗಲಿ, ಈ ಡೆಕ್ಕು. ಬಗ್ಗಿ, ಮುರಿದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನೆನೆದ ಬ್ರೆಡ್ಡಿನ ಹಾಗೆ ಪುಡಿಯಾಯಿತು. ಎದ್ದು ಒಳಗೆ ಹೋಗಿ ಟೀವಿ ಮುಂದೆ ಕೂತರು. ಟೀವಿ ಹಾಕಿರಲಿಲ್ಲ.

ಬಸ್ಸಿಗೆ ಹೊತ್ತಾಯಿತು. ಉಳಿದದ್ದು ನಾಳೆ.

ಫೆಬ್ರವರಿ 4, ಬುಧವಾರ. ಸಂಜೆ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಕುಂಟಿದೆ. ಕಟಿಂಗ್ ಸೆಕ್ಷನ್ನಿನ ಹುಡುಗಿಯರು “ಡ್ಯಾನ್ಸ್ ಕ್ಲಾಸಾ ಮೇಡಂ?” ಎಂದು ಕೇಳಿ ನಕ್ಕರು. ನಗಲಿ.

ಇವರ ಹತ್ತಿರ ಮಾತು ತೆಗೆದೆ. “ಕಾಂಪೊಸಿಟ್ ಹಲಗೆ ಹಾಕಿಸೋಣ. ಎಣ್ಣೆ ಬೇಡ, ಪಾಲಿಶ್ ಬೇಡ, ಕೊಳೆಯಲ್ಲ.”

“ಒಳ್ಳೇದೇ. ಆದ್ರೆ ಅಪ್ಪ… ಹೂಂ, ಆದ್ರೂ ಒಳ್ಳೇದೇ.”

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಬಸ್ ಡಿಪೋದಲ್ಲಿ ಟೈಂಟೇಬಲ್ ಬರೆಯುವ ಕೆಲಸ. ಅಲ್ಲಿ ಒಂದು ನಿಮಿಷ ಆಚೀಚೆ ಆಗುವ ಹಾಗಿಲ್ಲ. ಮನೆಯಲ್ಲಿ ಒಂದು ತೀರ್ಮಾನಕ್ಕೆ ಒಂದು ವರ್ಷ.

ಇದು ನನ್ನ ಪುಸ್ತಕ, ಇಲ್ಲಾದರೂ ನಿಜ ಬರೆಯುತ್ತೇನೆ. ಮರದ ಡೆಕ್ಕನ್ನು ವರ್ಷಕ್ಕೊಮ್ಮೆ ಉಜ್ಜಿ ಎಣ್ಣೆ ಕುಡಿಸಬೇಕು. ಹತ್ತೊಂಬತ್ತು ವರ್ಷ ಮಾವ ಒಂದು ಸಲವೂ ತಪ್ಪಿಸಲಿಲ್ಲ. ಆಮೇಲೆ ಕೈ ನಡುಕ ಶುರುವಾಯಿತು. ಬಡಗಿ ವರ್ಕ್‌ಶಾಪು ಮುಚ್ಚಿದರು. “ಈ ವಾರ ಎಣ್ಣೆ ಹಾಕ್ತೀನಿ” ಎನ್ನುತ್ತಲೇ ಮೂರು ವರ್ಷ ಹೋಯಿತು. ಬೇರೆ ಯಾರನ್ನಾದರೂ ಕರೆಸಬಹುದಿತ್ತು. ಕರೆಸಿದರೆ “ನಿಮ್ಮ ಕೈಲಾಗಲ್ಲ” ಎಂದು ಮುಖಕ್ಕೆ ಹೇಳಿದ ಹಾಗೆ. ಇವರೂ ಸುಮ್ಮನಿದ್ದರು, ಅತ್ತೆಯೂ, ನಾನೂ. ಹಲಗೆ ಕೊಳೆಯಿತು.

ಅದಕ್ಕೇ ನನಗೆ ಕಾಂಪೊಸಿಟ್ ಬೇಕು. ವರ್ಷ ವರ್ಷ ಅವರನ್ನು ನೋಯಿಸದ ಹಲಗೆ.

ಫೆಬ್ರವರಿ 8, ಭಾನುವಾರ

ಅಂಗಡಿಗೆ ಹೋಗಿಬಂದೆವು. ಅಂಗಡಿಯವನ ಬಾಯಿ ಭಾರಿ ಜೋರು. “ಮೇಡಂ, ನೀವು ಹೋದ್ರೂ ಇದು ಹೋಗಲ್ಲ!” ಎಂದ. ಇವರು ನನ್ನ ಮುಖ ನೋಡಿದರು. ಒಂದಡಿ ಉದ್ದದ ಸ್ಯಾಂಪಲ್ಲು ಕೊಟ್ಟ, ಜೊತೆಗೆ ಜೋಡಿಸುವ ಕ್ರಮ ಅಚ್ಚು ಮಾಡಿದ ಮಡಿಕೆ ಕಾಗದ.

ಮನೆಗೆ ಬಂದು ಊಟದ ಮೇಜಿನ ಮೇಲಿಟ್ಟೆ. ಮಾವ ಎತ್ತಿ ಕೈಯಲ್ಲೇ ತೂಗಿದರು. ಮೂಸಿದರು. ಉಗುರಿನಿಂದ ಗೀರಿದರು.

“ಇದ್ಯಾವ ಮರ?”

“ಮರದ ಹೊಟ್ಟು ಮಾವ. ಪ್ಲಾಸ್ಟಿಕ್ ಜೊತೆ ಕಲಸಿ ಅಚ್ಚು ಹಾಕಿರೋದು.”

“ಹೊಟ್ಟಾ?”

“ಹೂಂ.”

“ಐವತ್ತು ವರ್ಷ ದಿನಾ ಸಂಜೆ ನಾನು ಗುಡಿಸಿ ಆಚೆ ಹಾಕಿದ್ದನ್ನ ನೀನು ದುಡ್ಡು ಕೊಟ್ಟು ಒಳಗೆ ತರ್ತೀಯಾ?”

ಅತ್ತೆಗೆ ನಗು ತಡೆಯಲಾಗಲಿಲ್ಲ. “ಎಲ್ಲಾ ಎತ್ತಿಟ್ಟಿದ್ರೆ ಇಷ್ಟೊತ್ತಿಗೆ ನಾವು ಸಾಹುಕಾರರಾಗಿರ್ತಿದ್ವಿ ಕಣ್ರೀ.”

ಮಾವ ನಗಲಿಲ್ಲ. ಸ್ಯಾಂಪಲ್ಲು ಮೇಜಿಗೆ ಕುಕ್ಕಿ ಕೋಣೆಗೆ ಹೋದರು. ಒಳ್ಳೆಯದು ಮಾಡಲು ಹೋಗಿ…

ಫೆಬ್ರವರಿ 11, ಬುಧವಾರ. ಸಂಜೆ 7

ಸ್ಯಾಂಪಲ್ಲು ಕಾಣೆಯಾಗಿ ಎರಡು ದಿನ. ಇವತ್ತು ಸಿಕ್ಕಿತು. ಬಚ್ಚಲುಮನೆಯ ಬಕೆಟ್ಟಿನಲ್ಲಿ, ನೀರೊಳಗೆ, ಮೇಲೆ ಕಲ್ಲು ಹೇರಿದೆ. ಒಂದು ತುದಿ ಗರಗಸದಲ್ಲಿ ಕೊಯ್ದಿದೆ. ಇನ್ನೊಂದು ತುದಿಗೆ ಮೂರು ಸ್ಕ್ರೂ.

ಅತ್ತೆ: “ನೋಡು, ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ.”

ಇವರು ಹಿಂಭಾಗ ಹಿಡಿದುಕೊಂಡು ಎದ್ದರು. “ಅಮ್ಮಾ, ಆ ಮಗ ನಾನೇ.”

ಮಾವ ನಕ್ಕರು! ಜೋರಾಗಿಯೇ. ಎಷ್ಟು ತಿಂಗಳಾಗಿತ್ತು. ಆಮೇಲೆ ಸ್ಯಾಂಪಲ್ಲನ್ನು ಒರೆಸಿ, ಟೇಪು ಹಿಡಿದು ಅಳೆದು ತೀರ್ಪು ಕೊಟ್ಟರು. “ನೀರು ಕುಡಿಯಲ್ಲ. ಒಂದು ಕೂದಲೆಳೆಯಷ್ಟೂ ಉಬ್ಬಿಲ್ಲ. ಗರಗಸಕ್ಕೆ ಒಗ್ಗುತ್ತೆ. ವಾಸನೆ ಮಾತ್ರ ದರಿದ್ರ.” ಟೇಪು ಸುತ್ತುತ್ತಾ, “ಪ್ಲಾನು ಯಾರು ಬರೀತಾರೆ?”

“ಅಂಗಡಿಯವರೇ ಕಂಪ್ಯೂಟರಲ್ಲಿ—”

“ನಿಮ್ಮತ್ತೆ ಯಾವ ಮೂಲೇಲಿ ಕೂರ್ತಾಳೆ ಅಂತ ಆ ಕಂಪ್ಯೂಟರಿಗೇನು ಗೊತ್ತು? ಕಾಗದ ತಾ, ಕತ್ತರಿ.”

ಕತ್ತರಿ ಎಂದರೆ ನಾನು. ಮದುವೆಯಾದ ವಾರವೇ ಇಟ್ಟ ಹೆಸರು. ಹುಡುಗಿಯ ಕೆಲಸ ಏನೆಂದು ಕೇಳಿದವರಿಗೆಲ್ಲ “ದಿನಕ್ಕೆ ಸಾವಿರ ಅಂಗಿ ಕತ್ತರಿಸ್ತಾಳೆ” ಎಂದು ಹೇಳಿಕೊಂಡು ಓಡಾಡಿದ್ದರಂತೆ. ಮೂರು ವರ್ಷದಿಂದ ಹಾಗೆ ಕರೆದಿರಲಿಲ್ಲ. ಕಾಗದ ಹುಡುಕುವ ನೆಪದಲ್ಲಿ ಕೋಣೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಫೆಬ್ರವರಿ 15, ಭಾನುವಾರ

ಹಳೆಯ ಹಲಗೆಗಳನ್ನು ನಿನ್ನೆ ಇವರು ಕಿತ್ತರು. ಕೆಳಗಿನ ಕಬ್ಬಿಣದ ಚೌಕಟ್ಟು ಇನ್ನೂ ಗಟ್ಟಿ. ಇವತ್ತು ಪ್ಲಾನಿಗೆ ಕೂತೆವು. ಕೂತ ಹತ್ತು ನಿಮಿಷಕ್ಕೇ ಜಗಳ.

ಮಾವನ ಪದ್ಧತಿ — ಅಂಗೈಯಗಲದ ಚೀಟಿಯಲ್ಲಿ ಅಡಿ, ಇಂಚು ಬರೆದರೆ ಮುಗಿಯಿತು. ನನ್ನದು — ಏನೇ ಇರಲಿ, ಕತ್ತರಿಸುವ ಮುಂಚೆ ಪೂರ್ತಿ ಅಳತೆಗೆ ಕಾಗದದ ಪ್ಯಾಟರ್ನು. ಮ್ಯಾನೇಜರನ್ನು ಕೇಳಿ ಉಳಿದ ಕಂದು ಕಾಗದದ ಸುರುಳಿ ತಂದಿದ್ದೆ.

“ಡೆಕ್ಕಿಗೂ ಅಂಗಿ ಹೊಲೀತೀಯಾ?”

“ಹೂಂ. ನಿಮ್ಮ ಚೀಟೀಲಿ ಅತ್ತೆ ಕುರ್ಚಿ ಹಾಕ್ಕೊಂಡು ಕೂತ್ಕೊಳೋಕಾಗುತ್ತಾ? ನನ್ನದರಲ್ಲಿ ಆಗುತ್ತೆ.”

ಚೌಕಟ್ಟಿನ ಪಕ್ಕದಲ್ಲೇ, ಹಿತ್ತಿಲ ಅಂಗಳದಲ್ಲಿ ಕಾಗದ ಹಾಸಿ, ಪಟ್ಟಿಗೆ ಪಟ್ಟಿ ಅಂಟಿಸಿದೆವು. ಅಡುಗೆಮನೆಯ ಗೋಡೆಯಿಂದ ಆಚೆಯ ಸಿಮೆಂಟು ಕಟ್ಟೆಯ ತನಕ, ಇಪ್ಪತ್ತನಾಲ್ಕು ಅಡಿ. ಅತ್ತೆ ನಿಜವಾಗಲೂ ಕುರ್ಚಿ ತಂದು ಕಾಗದದ ಮೇಲೆ ಕೂತರು. ಒಂದು ಮೂಲೆ, ಇನ್ನೊಂದು ಮೂಲೆ. “ಇಲ್ಲಿ ಬಿಸಿಲು ಹತ್ತು ಗಂಟೆಗೆ ಹೋಗುತ್ತೆ. ಇಲ್ಲಿ ಪಕ್ಕದ ಮನೆಯವಳು ಕಾಣ್ತಾಳೆ. ಇಲ್ಲಿ ಕಾಣಲ್ಲ. ಕಾಣೋ ಕಡೆನೇ ಇರ್ಲಿ.”

ಮಾವ ಮಂಡಿಯೂರಿ ಕುರ್ಚಿಯ ನಾಲ್ಕು ಕಾಲಿನ ಸುತ್ತ ಗೆರೆ ಎಳೆದರು. ಗೆರೆ ನಡುಗಿತು. ಎಲ್ಲರೂ ನೋಡದವರ ಹಾಗೆ ಇದ್ದೆವು. ಅತ್ತೆ ಮಾತ್ರ, “ಪರವಾಗಿಲ್ಲ, ಕುರ್ಚಿ ಕಾಲೂ ಸೊಟ್ಟಗಿದೆ” ಎಂದರು.

ಅಳೆದೂ ಸುರಿದೂ ಕತ್ತಲಾಯಿತು. ಕಾಗದವನ್ನು ಅಲ್ಲೇ ಬಿಟ್ಟು ಮೂಲೆಗಳಿಗೆ ಇಟ್ಟಿಗೆ ಹೇರಿದ್ದೇವೆ. ಇಂಥ ಭಾನುವಾರ ಎಷ್ಟೋ ದಿನದಿಂದ ಇರಲಿಲ್ಲ.

ಫೆಬ್ರವರಿ 19, ಗುರುವಾರ. ಸಂಜೆ

ಪ್ಲಾನು ಸಿದ್ಧ. ಒಂದೊಂದು ಸಾಲಿಗೆ ಹನ್ನೆರಡು ಅಡಿಯ ಎರಡು ಹಲಗೆ, ತುದಿಗೆ ತುದಿ ತಾಗಿಸಿ. ಪೂರ್ತಿ ಲೋಡು ತರಿಸುವ ಮುಂಚೆ ನಾಲ್ಕು ಸಾಲು ಹಾಕಿ ನೋಡೋಣ ಎಂದರು ಮಾವ. ಯಾವ ದೊಡ್ಡ ಕೆಲಸಕ್ಕೂ ಮೊದಲು ಮಾದರಿ ಮಾಡುವುದು ಅವರ ನಿಯಮ.

ಚಪಾತಿ ಹಿಟ್ಟು ನಾದುವ ಪಾಳಿ ಇವರದ್ದು, ನಾನು ಅಂಗಡಿಯ ಮಡಿಕೆ ಕಾಗದ ತೆಗೆದು ಓದಿದೆ. ಆರನೇ ಸಾಲು: ಬಿಸಿಲಿಗೆ ಈ ಹಲಗೆ ಉದ್ದಕ್ಕೆ ಹಿಗ್ಗುತ್ತದೆ. ಚಳಿಯಲ್ಲಿ ಜೋಡಿಸುವಾಗ ತುದಿಗಳ ನಡುವೆ ಐದು ಮಿಲಿಮೀಟರ್ ಬಿಡಿ, ಗೋಡೆಯ ಹತ್ತಿರ ಅದರ ಎರಡರಷ್ಟು.

ಕಾರ್ಖಾನೆಯ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದೆ, ಪಕ್ಕದಲ್ಲಿ ತಾರೀಖು. ಅಭ್ಯಾಸ. ಮಾವನಿಗೆ ತೋರಿಸಲು ಹೋದೆ. ಪ್ಲಾನಿನ ಮೇಲೆ ಬಗ್ಗಿ ಶಿಳ್ಳೆ ಹಾಕುತ್ತಿದ್ದರು. ಇವರು ಹಿಟ್ಟಿನ ಕೈಯಲ್ಲೇ ಬಂದು ನನ್ನ ಕಿವಿಯಲ್ಲಿ, “ಕೇಳಿಸ್ತಾ? ಶಿಳ್ಳೆ! ಅಪ್ಪ ಶಿಳ್ಳೆ ಹಾಕ್ತಿದಾರೆ ಕಣೇ” ಎಂದರು. ಇವರ ಕಣ್ಣು ಒದ್ದೆ.

ಕಾಗದ ಮಡಿಸಿ ಡ್ರಾಯರಿಗೆ ಹಾಕಿದೆ. ನಾಳೆ ಹೇಳಿದರಾಯಿತು.

ಫೆಬ್ರವರಿ 21, ಶನಿವಾರ

ಆ ನಾಳೆ ನಿನ್ನೆಯಾಯಿತು, ಹೇಳಲಿಲ್ಲ. ಇವತ್ತೂ ಹೇಳಲಿಲ್ಲ.

ಹಲಗೆಗಳು ಬೆಳಗ್ಗೆ ಏಳಕ್ಕೇ ಬಂದವು. ಅತ್ತೆ ಆರಿಸಿದ ಬಣ್ಣ, ಗಾಢ ಕಂದು. ಬಾಯಿ ಬಿಟ್ಟರೆ ಹೊಗೆ ಬರುವಷ್ಟು ಚಳಿ. ಡ್ರಿಲ್ಲು ಇವರ ಕೈಯಲ್ಲಿ, ಹಲಗೆ ನನ್ನ ಕೈಯಲ್ಲಿ, ಕಣ್ಣು ಮಾವನದು. ಎರಡು ಹಲಗೆ ಸೇರುವ ಕಡೆ ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸಿದರು. ಒಂದು ತುದಿ ಗೋಡೆಗೆ, ಇನ್ನೊಂದು ಕಟ್ಟೆಗೆ ಬಿಗಿ. ತಮ್ಮ ತಲೆಯ ಬಿಳಿ ಕೂದಲೊಂದನ್ನು ಕಿತ್ತು ನನ್ನ ಕೈಗೆ ಕೊಟ್ಟರು.

“ತೂರಿಸು ನೋಡೋಣ.”

ತೂರಲಿಲ್ಲ.

“ನನ್ನ ಗುರುಗಳು ಹಿಂಗೇ ಪರೀಕ್ಷೆ ಮಾಡ್ತಿದ್ರು. ಕೂದಲು ತೂರಿದ್ರೆ ಊಟ ಇಲ್ಲ.” ನಾನು ಏನೂ ಕೇಳದಿದ್ದರೂ ಮುಂದುವರಿಸಿದರು. “ಅಕ್ಕಪಕ್ಕ ಸಂದು ಬಿಟ್ಟಿದೀನಿ, ನೀರು ಇಳಿಯೋಕೆ. ತುದೀಲಿ ಬೇಡ. ಮರ ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕಲ್ಲ. ಎಂಥಾ ಮರವಾದ್ರೂ.”

ಇದು ಮರವಲ್ಲ ಮಾವ — ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿದೆ. ಬಾಯಿಗೆ ಬೀಗ ಬಿತ್ತು.

ಮಧ್ಯಾಹ್ನ ಅತ್ತೆ ನಾಲ್ಕು ಸಾಲಿನ ಮೇಲೆ ಬರಿಗಾಲಲ್ಲಿ ನಡೆದು, “ಚೆನ್ನಾಗಿದೆ ರೀ” ಎಂದರು. ಸುಮ್ಮನೆ, ಗೇಲಿಯಿಲ್ಲದೆ. ಮಾವ ಕಿವಿ ತನಕ ಕೆಂಪಾದರು.

ಐದು ಮಿಲಿಮೀಟರ್. ಅಷ್ಟರಿಂದ ಏನಾಗಿಬಿಡುತ್ತದೆ. ಅಂಗಡಿಯವರು ತಮ್ಮ ತಲೆಗೆ ಬರದಿರಲಿ ಎಂದು ಏನೇನೋ ಬರೆದಿರುತ್ತಾರೆ.

ಮಾರ್ಚ್ 9, ಸೋಮವಾರ

ಕಾರ್ಖಾನೆಯಲ್ಲಿ ದೊಡ್ಡ ಆರ್ಡರು. ಹದಿನೈದು ದಿನ ಪುಸ್ತಕ ಮುಟ್ಟಿಲ್ಲ. ಚಳಿ ಹೋಯಿತು, ಬಿಸಿಲು ಹೊಡೆಯುತ್ತಿದೆ. ಮಾವ ದಿನಾ ಬೆಳಗ್ಗೆ ನಾಲ್ಕು ಸಾಲಿನ ಮೇಲೆ ನಿಂತು ಕಾಫಿ ಕುಡಿಯುತ್ತಾರೆ. ಕೈಕಂಬಿ, ಮೆಟ್ಟಿಲು, ಹೂಕುಂಡದ ಜಾಗ ಎಲ್ಲಾ ಪ್ಲಾನಿಗೆ ಸೇರಿದೆ. ಪೂರ್ತಿ ಆರ್ಡರು ತಿಂಗಳ ಕೊನೆಗೆ.

ಮಾರ್ಚ್ 14, ಶನಿವಾರ. ಮಧ್ಯಾಹ್ನ 3

ಎದ್ದಿದೆ. ಹಲಗೆ ಎದ್ದಿದೆ.

ಊಟ ಮುಗಿಸಿ ಪಾತ್ರೆ ಇಡುತ್ತಿದ್ದೆ. ಹೊರಗೆ ಟಪ್ ಎಂದು ಸದ್ದು. ಇನ್ನೊಂದು ಟಪ್. ಹೋಗಿ ನೋಡಿದರೆ ನಡು ಸಂದಿನಲ್ಲಿ ನಾಲ್ಕು ಸಾಲೂ ಮೇಲೆದ್ದು ನಿಂತಿವೆ, ಮೂರು ಬೆರಳೆತ್ತರ. ಎರಡು ಕಡೆ ಹಲಗೆ ಹಿಡಿದಿಡುವ ಕ್ಲಿಪ್ಪು ಕಿತ್ತು ಹಾರಿದೆ. ಹಲಗೆ ಮುಟ್ಟಿದರೆ ಕೈ ಸುಡುತ್ತದೆ.

ಮಾವ ಬಿಸಿಲಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಇವರು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಾರೆ.

ಮಾರ್ಚ್ 15, ಭಾನುವಾರ. ಬೆಳಗ್ಗೆ 10

ಆಗಬೇಕಾದದ್ದು ಆಯಿತು. ಕಾರಣ ಹುಡುಕಲು ಮಾವ ಡ್ರಾಯರು ತೆಗೆದಿದ್ದಾರೆ. ಆ ಕಾಗದ ಸಿಕ್ಕಿದೆ. ಮೇಜಿನ ಮೇಲೆ ಹರಡಿಟ್ಟುಕೊಂಡು ನನ್ನನ್ನು ಕರೆದರು.

“ಈ ಕೆಂಪು ಗೆರೆ ಯಾರದು?”

“ನನ್ನದೇ ಮಾವ.”

“ತಾರೀಖು ಹತ್ತೊಂಬತ್ತು ಅಂತಿದೆ. ಹಲಗೆ ಹಾಕಿದ್ದು ಯಾವತ್ತು?”

“…ಇಪ್ಪತ್ತೊಂದು.”

“ಗೊತ್ತಿತ್ತು ಹಾಗಾದ್ರೆ. ನಾನು ಕೂದಲು ಕಿತ್ತು ಕೊಟ್ನಲ್ಲ, ಆಗ್ಲೂ ಗೊತ್ತಿತ್ತು.”

ಬೈಯಲಿಲ್ಲ. ದನಿಯನ್ನೂ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

“ನಿಮ್ಮ ಕಟಿಂಗಿನಲ್ಲಿ ಯಾರಾದ್ರೂ ತಪ್ಪು ಗೆರೆ ಹಾಕಿದ್ರೆ ಸುಮ್ನಿರ್ತೀಯಾ?”

“ಇಲ್ಲ.”

“ಯಾಕೆ?”

ಅವರೇ ಹೇಳಿದರು. “ಯಾಕೆ ಅಂದ್ರೆ ಅವ್ರು ಕೆಲಸದೋರು. ನಾನು ಮುದುಕ. ಮುದುಕನ ಕೈಗೆ ಆಟದ ಸಾಮಾನು ಕೊಟ್ಟು ಖುಷಿಯಾಗಿರ್ಲಿ ಅಂದ್ಕೊಂಡ್ರಿ. ಕೈ ಹೋಗಿದೆ, ನನಗೆ ಗೊತ್ತು. ತಲೆ ಇದೆ ಅಂದ್ಕೊಂಡಿದ್ದೆ. ಅದೂ ಹೋಯ್ತು ಅಂತ ನೀವು ತೀರ್ಮಾನ ಮಾಡಿದೀರ.”

ನೀವು. ಹದಿನೇಳು ವರ್ಷದಲ್ಲಿ ಮೊದಲ ಸಲ ನನಗೆ ನೀವು.

ಮಾರ್ಚ್ 16, ಸೋಮವಾರ

“ಮಾವ, ಕಾಫಿ.” — “ಅಲ್ಲಿಡಿ.”

“ಮಾವ, ಊಟ.” — “ನೀವು ಮಾಡಿ.”

ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾರ್ಚ್ 18, ಬುಧವಾರ. ಸಂಜೆ

ಕ್ಷಮೆ ಕೇಳಿದೆ. ಕಾಲ ಹತ್ತಿರ ಕೂತು ಕೇಳಿದೆ. “ಇರ್ಲಿ ಬಿಡಿ, ನಿಮ್ಮ ಮನಸ್ಸು ಒಳ್ಳೇದು” ಎಂದರು. ಟೀವಿ ಹಾಕಿದರು. ಪ್ಲಾನು ಸುತ್ತಿ ಬೀರುವಿನ ಮೇಲೆ ಎಸೆದಿದ್ದಾರೆ. “ಅಂಗಡಿಯವರ ಕೈಲೇ ಮಾಡಿಸಿ” ಎಂದು ಇವರಿಗೆ ಹೇಳಿದರಂತೆ.

ಇವರು ನನ್ನನ್ನು ದೂರಲಿಲ್ಲ. “ಶಿಳ್ಳೆ ಕೇಳಿಸ್ತಾ ಅಂತ ಬಂದು ಹೇಳಿದ್ದು ನಾನು. ತಪ್ಪಲ್ಲಿ ಅರ್ಧ ನಂದು” ಎಂದರು. ಮೊದಲ ಸಲ ಅಡ್ಡಗೋಡೆಯಿಂದ ಇಳಿದು ಒಂದು ಕಡೆ ನಿಂತ ಮಾತು. ಹೆಗಲಿಗೆ ತಲೆಯಿಟ್ಟು ಸ್ವಲ್ಪ ಹೊತ್ತು ಕೂತೆ. ಇಂಥ ಮನುಷ್ಯ ಸಿಕ್ಕಿದ್ದು ನನ್ನ ಪುಣ್ಯ, ಆದರೆ ಸಮಸ್ಯೆ ಬಗೆಹರಿಯಲಿಲ್ಲ.

ಮಾರ್ಚ್ 22, ಭಾನುವಾರ

ಬೆಳಗ್ಗೆ ತರಕಾರಿ ಹೆಚ್ಚುತ್ತಾ ಅತ್ತೆ ಕೇಳಿದರು. “ಇನ್ನೂ ಎಷ್ಟು ದಿನ ಸತ್ತ ಮನೆ ಮುಖ ಹಾಕ್ಕೊಂಡಿರ್ತೀಯಾ?”

“ಇನ್ನೇನು ಮಾಡ್ಲಿ ಅತ್ತೆ? ಕಾಲು ಹಿಡಿದಾಯ್ತು.”

“ಅದೇ ತಪ್ಪು. ಕಾಲು ಹಿಡಿದ್ರೆ ಅವ್ರನ್ನ ಮುದುಕ ಅಂದಂಗೇ. ಜಗಳ ಆಡು. ನಲವತ್ತೆಂಟು ವರ್ಷ ನಾನು ಏನು ಮಾಡಿದೀನಿ ಅಂದ್ಕೊಂಡೆ? ಅವ್ರ ಕೈ ನಡುಗೋಕೆ ಶುರುವಾದ ದಿನ ನೀವೆಲ್ಲಾ ಬೆಣ್ಣೆ ಮಾತು ಆಡಿದ್ರಿ. ನಾನು ಕಾಫಿ ಚೆಲ್ಲಿದ್ದಕ್ಕೆ ಬೈದೆ. ರಾತ್ರಿ ಅವ್ರು ಯಾರ ಹತ್ರ ಅತ್ತರು ಹೇಳು? ನಿಮ್ಮ ಹತ್ರಾನಾ?”

ನಾನು ಈರುಳ್ಳಿ ಹೆಚ್ಚುತ್ತಿದ್ದುದು ಒಳ್ಳೆಯದಾಯಿತು.

ಸುಮ್ಮನೆ ಜಗಳ ತೆಗೆದರೆ ನಾಟಕ. ಅದು ಅವರಿಗೆ ತಿಳಿಯದೆ ಹೋಗುವುದಿಲ್ಲ. ಬೀರುವಿನ ಮೇಲಿಂದ ಪ್ಲಾನು ಇಳಿಸಿದೆ. ಮಡಿಸಿಟ್ಟಿದ್ದ ನನ್ನ ಕಂದು ಕಾಗದ ಬಿಡಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಸಿಕ್ಕಿತು. ಕೈಕಂಬಿಯ ಮೊದಲ ಕಂಬ ಅಡುಗೆಮನೆಯ ಬಾಗಿಲಿಗೆ ಬಡಿಯುತ್ತದೆ!

ಟೀವಿ ಆರಿಸಿ ಮುಂದೆ ನಿಂತೆ. “ಮಾವ, ಈ ಕಂಬ ತಪ್ಪು ಜಾಗದಲ್ಲಿದೆ. ಬಾಗಿಲು ಪೂರ್ತಿ ತೆಗೆಯೋಕಾಗಲ್ಲ.”

“ಅಂಗಡಿಯವರಿಗೆ ಹೇಳಿ.”

“ಅಂಗಡಿಯವರು ಬರೆದಿದ್ದಲ್ಲ. ನೀವು ಬರೆದಿದ್ದು. ತಪ್ಪು ನಿಮ್ಮದು, ನಿಮಗೇ ಹೇಳ್ತೀನಿ.”

ತಲೆಯೆತ್ತಿದರು. “ಏನಂದ್ರಿ?”

“ಒಂದೂವರೆ ಇಂಚು ತಪ್ಪು ಅಂದೆ.”

“ಕಂಬ ನಾನು ಮೂರು ಸಲ ಅಳೆದಿದೀನಿ.”

“ಮೂರು ಸಲಾನೂ ತಪ್ಪು ಅಳೆದಿದೀರ.”

ಅಷ್ಟು ಸಾಕಾಯಿತು. ಕೋಪ ಮೂಗಿನ ತುದಿಗೆ ಬಂದು ಕೂತಿತು. ಟೇಪು ಕಿತ್ತುಕೊಂಡು ಎದ್ದರು. ಹಿತ್ತಿಲಿಗೆ ಮೆರವಣಿಗೆ — ಮುಂದೆ ಅವರು, ಹಿಂದೆ ನಾನು, ನನ್ನ ಹಿಂದೆ ಇವರು, ಕಿಟಕಿಯಲ್ಲಿ ಅತ್ತೆ. ಬಾಗಿಲು ತೆಗೆದರು, ಅಳೆದರು. ಕಾಗದ ಹಾಸಿದರು, ಅಳೆದರು. ಮತ್ತೆ ಬಾಗಿಲು. ನಾನು “ಸರಿಯಾಗಿ ಹಿಡೀರಿ” ಎಂದೆ. ಅವರು “ನೀನು ಸರಿಯಾಗಿ ನಿಲ್ಲು” ಎಂದರು. ಪಕ್ಕದ ಮನೆಯವಳು ಕಿಟಕಿ ತೆಗೆದಳು. ಹದಿನೈದು ನಿಮಿಷ ಇಬ್ಬರ ಗಂಟಲೂ ಹರಿಯಿತು.

ಕೊನೆಗೆ ಮಾವ ನನ್ನ ಕಾಗದದ ಅಂಚು ಹಿಡಿದೆತ್ತಿದರು. ಅಲೆ ಅಲೆಯಾಗಿ ಸೊಟ್ಟಗಿತ್ತು.

“ಇದನ್ನ ಅವತ್ತು ಎಲ್ಲಿ ಬಿಟ್ಟಿದ್ವಿ?”

“ಅಂಗಳದಲ್ಲಿ.”

“ಇಬ್ಬನೀಲಿ. ಕಾಗದ ನೀರು ಕುಡಿದು ಹಿಗ್ಗಿದೆ. ನನ್ನ ಚೀಟಿ ಸರಿ ಇದೆ. ಬಾಗಿಲೂ ಸರಿ ಇದೆ. ನಿನ್ನ ಪ್ಯಾಟರ್ನೇ ಸುಳ್ಳು!” ಕಾಗದ ಹಿಡಿದು ಕುಣಿಯುವುದೊಂದು ಬಾಕಿ. “ಹದಿನೆಂಟು ವರ್ಷ ಕಟಿಂಗಿನಲ್ಲಿದ್ದೋಳಿಗೆ ಕಾಗದ ಹಿಗ್ಗುತ್ತೆ ಅಂತ ಗೊತ್ತಿಲ್ವಾ? ಯಾವ ಕೆಂಪು ಪೆನ್ಸಿಲ್ಲಲ್ಲಿ ಗೆರೆ ಎಳೀಲಿ ಈಗ?”

ಬಿದ್ದು ಬಿದ್ದು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅಷ್ಟು ಖುಷಿಯಾಗಿ ನಾನು ಯಾವತ್ತೂ ಸೋತಿರಲಿಲ್ಲ. ಮಾವ ಕಾಗದ ಸುತ್ತಿ ಕಂಕುಳಿಗಿಟ್ಟರು. ಆಮೇಲೆ ಮೆಲ್ಲಗೆ, “ಇಷ್ಟೇ ಕಣಮ್ಮ. ತಪ್ಪು ಅಂದ್ರೆ ಇಷ್ಟೇ. ಹೇಳಿದ್ರೆ ಹದಿನೈದು ನಿಮಿಷದ ಕೂಗಾಟ. ಹೇಳದೇ ಇದ್ರೇನೇ ಎದೆ ಮೇಲೆ ಕಲ್ಲು” ಎಂದರು.

ಮಾರ್ಚ್ 24, ಮಂಗಳವಾರ. ಸಂಜೆ

ನಾಲ್ಕು ಸಾಲನ್ನೂ ಬಿಚ್ಚಿದರು. ಸ್ಕ್ರೂಡ್ರೈವರು ಜಾರಿತು, ಎರಡು ಸಲ, ಮೂರು ಸಲ. “ಕೊಡಿ ಮಾವ” ಎನ್ನಲು ಹೊರಟವಳು ತಡೆದು, “ಕೈ ನಡುಗ್ತಿದೆ, ಎರಡೂ ಕೈಯಲ್ಲಿ ಹಿಡೀರಿ” ಎಂದೆ. ಗುರ್ ಎಂದು ನೋಡಿ ಎರಡೂ ಕೈಯಲ್ಲಿ ಹಿಡಿದರು. ಸ್ಕ್ರೂ ಬಂತು.

ಸಂದಿನ ಅಳತೆಗೆಂದು ಐದು ಮಿಲಿಮೀಟರಿನ ತೆಳು ಮರದ ಚಕ್ಕೆ ಉಜ್ಜಿ ಸಿದ್ಧಮಾಡಿದ್ದಾರೆ. ಹಲಗೆಗಳ ತುದಿ ಅಷ್ಟಷ್ಟು ಕೊಯ್ದು, ಅದನ್ನಿಟ್ಟು ಕೂರಿಸಿ ಚಕ್ಕೆ ತೆಗೆದಾಗ ಉಳಿದ ಸಂದನ್ನು ನೋಡಿ ಮುಖ ಹಿಂಡಿದರು. “ಥೂ! ನಮ್ಮ ಗುರುಗಳು ನೋಡಿದ್ರೆ ಊಟ ಅಲ್ಲ, ನೀರೂ ಕೊಡ್ತಿರ್ಲಿಲ್ಲ.”

“ಅವ್ರು ಹೊಟ್ಟಿನ ಹಲಗೆ ನೋಡಿರ್ಲಿಲ್ಲ ಬಿಡಿ.”

“ಪುಣ್ಯವಂತರು.”

ಮಾರ್ಚ್ 28, ಶನಿವಾರ. ಬೆಳಗ್ಗೆ 8.15

ಇವತ್ತು ಪೂರ್ತಿ ಆರ್ಡರು ಕೊಡುವ ದಿನ. ಹಲಗೆಗಳನ್ನು ಅಂಗಡಿಯವರೇ ಲಿಸ್ಟಿನ ಪ್ರಕಾರ ಕೊಯ್ದು ಕಳಿಸುತ್ತಾರೆ. ಕೊಯ್ದದ್ದನ್ನು ವಾಪಸು ತಗೊಳ್ಳಲ್ಲ. ಹತ್ತಕ್ಕೆ ಅಂಗಡಿ ತೆಗೆಯುತ್ತದೆ.

ಮಾವ ಮೂರು ದಿನ ಕೂತು ಬರೆದ ಲಿಸ್ಟು. ಎರಡು ಹಾಳೆ. ಅಕ್ಷರ ಸೊಟ್ಟಗಿದ್ದರೂ ಬಿಡಿಬಿಡಿಯಾಗಿ ಓದಬಹುದು. ಈಗಷ್ಟೇ ತಂದು ನನ್ನ ಮುಂದಿಟ್ಟರು. ಇವರಿಗೆ ಕೊಡಲಿಲ್ಲ, ನನಗೆ.

“ಓದು. ತಪ್ಪಿದ್ರೆ ಹೇಳು.” ಹಿತ್ತಿಲ ಮೆಟ್ಟಿಲ ಮೇಲೆ, ನನಗೆ ಬೆನ್ನು ಹಾಕಿ ಕೂತಿದ್ದಾರೆ.

ಓದಿದೆ. ಮೊದಲ ಹಾಳೆ ಸರಿ. ಎರಡನೆಯದರ ಮೂರನೇ ಸಾಲು — ಮೆಟ್ಟಿಲಿನ ಹಲಗೆ, ನಾಲ್ಕಡಿ ಆರಿಂಚು, ಆರು. ಮೆಟ್ಟಿಲು ಇರುವುದು ಐದಡಿ ಆರಿಂಚು. ನಾವಿಬ್ಬರೂ ಸೇರಿ ಅಳೆದದ್ದು. ಒಂದಡಿ ಕಡಿಮೆ. ಐದು ಸಲ ಓದಿದೆ. ಹಾಗೇ ಇದೆ.

ಇಂಚಿನ ತಪ್ಪಲ್ಲ, ಅಡಿಯದು. ಮಾವ ಮಾಡುವ ತಪ್ಪಲ್ಲ. ಬೇಕೆಂದೇ ಬರೆದಿದ್ದಾರಾ, ನಾನು ಬಾಯಿ ಬಿಡುತ್ತೇನೋ ಇಲ್ಲವೋ ನೋಡಲು? ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತದೆ. ಇಲ್ಲಾ, ನಿಜವಾಗಿಯೇ… ಅದನ್ನು ಬರೆಯಲು ಕೈ ಬರುತ್ತಿಲ್ಲ.

ಪೆನ್ನು ಕೈಯಲ್ಲಿದೆ. ಮಾವ ಬರೆದ ೪ನ್ನು ೫ ಮಾಡಲು ಎರಡು ಗೆರೆ ಸಾಕು. ಅವರಿಗೆ ತಿಳಿಯುವುದಿಲ್ಲ. ಯಾರಿಗೂ ತಿಳಿಯುವುದಿಲ್ಲ. ಖುಷಿಯಾಗಿರುತ್ತಾರೆ.

ಬೆನ್ನು ಕಾಣುತ್ತಿದೆ. ನೆಟ್ಟಗೆ ಕೂತಿದ್ದಾರೆ, ಕೆಲಸ ಒಪ್ಪಿಸಿ ಮಾತಿಗೆ ಕಾಯುವವರ ಹಾಗೆ. “ಏನು, ಕಾದಂಬರಿ ಓದ್ತಿದೀಯಾ?” ಎಂದು ಕೂಗಿದರು ಈಗ.

ಬಂದೆ ಮಾವ. ಎರಡನೇ ಹಾಳೆ, ಮೂರನೇ ಸಾಲು ತಪ್ಪಿದೆ.